ಜಾಝ್‌ಗೂ ಮಡಿ ಉಡಿಸಿದೋರು (ಕಂತು 4)

ಟೆಕ್ನೋ, ಆಂಬಿಯೆಂಟ್ ಕೇಳೋ ನೀವು ‘ಜಾಝ್ ಫ್ಯೂಷನ್ ಎಲ್ಲಿಂದ ಶುರು ಮಾಡ್ಲಿ?’ ಅಂದ್ರೆ ಸಾಕು, ಪಂಡಿತರು ಗಿಟಾರ್ ಸರ್ಕಸ್ ಇರೋ ಆಲ್ಬಂ ಒಂದನ್ನ ಕೈಗಿಡ್ತಾರೆ. ಜೊತೆಗೊಂದು ಕುಟುಕು: ಇದು ಮನುಷ್ಯರು ನುಡಿಸಿದ್ದಪ್ಪಾ, ಲ್ಯಾಪ್‌ಟಾಪ್ ಅಲ್ಲ. ಹತ್ತು ನಿಮಿಷಕ್ಕೆ ನೀವು ಪರಾರಿ. ತಪ್ಪು ನಿಮ್ಮದಲ್ಲ.

ಮೈಲ್ಸ್ ಡೇವಿಸ್‌ನ ‘ಇನ್ ಎ ಸೈಲೆಂಟ್ ವೇ’ (1969) ಹಾಕಿ. ತಂಡ ನುಡಿಸಿದ್ದನ್ನು ನಿರ್ಮಾಪಕ ಟಿಯೋ ಮಸೆರೋ ಕತ್ತರಿಸಿ ಜೋಡಿಸಿದ. ಮೊದಲ ಬದಿಯ ಆರಂಭದ ಸುಮಾರು ಆರು ನಿಮಿಷ ಕೊನೆಯಲ್ಲಿ ಮತ್ತೆ ಬರುತ್ತೆ. ಮತ್ತೆ ನುಡಿಸಿದ್ದಲ್ಲ, ಅದೇ ಟೇಪು! ಎರಡನೇ ಬದಿಯಲ್ಲೂ ಇದೇ ಕೈಚಳಕ. ಡ್ರಮ್ಸ್‌ನಲ್ಲಿ ಸಿಡಿಲಿನಂಥ ಟೋನಿ ವಿಲಿಯಮ್ಸ್ ಮೊದಲ ಬದಿಯಲ್ಲಿ ಹೈ-ಹ್ಯಾಟ್ ಹಿಡಿದು ಒಂದೇ ಸಮನೆ ಟಿಕ್ ಟಿಕ್ ಅಂತಿರ್ತಾನೆ. ಈ ತಾಳ್ಮೆ ನಿಮ್ಮ ಕಿವಿಗೆ ಹೊಸದೇ? ಪಂಡಿತರಿಗೇ ಹೊಸದು.

ಆಮೇಲೆ ಹರ್ಬಿ ಹ್ಯಾಂಕಾಕ್‌ನ ‘ಹೆಡ್ ಹಂಟರ್ಸ್’ (1973). ‘ಕಮೀಲಿಯನ್’ ಶುರುವಾಗೋ ಆ ದಪ್ಪ ಬೇಸ್ ಇದ್ಯಲ್ಲ, ಅದು ಗಿಟಾರೇ ಅಲ್ಲ. ಆರ್ಪ್ ಒಡಿಸ್ಸಿ ಸಿಂಥ್. ಯಂತ್ರ ಮುಟ್ಟಿದ್ರೆ ಸಂಗೀತ ಮೈಲಿಗೆ ಅನ್ನೋರು ಇದನ್ನ ಮಾತ್ರ ತಲೆ ಮೇಲೆ ಹೊತ್ಕೊಂಡು ಕುಣೀತಾರೆ!

ಅದೇ ವರ್ಷದ ‘ಸೆಕ್ಸ್‌ಟಂಟ್’ ಇನ್ನೂ ವಿಚಿತ್ರ. ‘ರೇನ್ ಡಾನ್ಸ್’ ರಾತ್ರಿ ಹೆಡ್‌ಫೋನಲ್ಲೇ ಕೇಳಿ. ಗಿಟಾರ್ ಸರ್ಕಸ್ಸಿಗೆ ಟಿಕೆಟ್ಟು ಮುಂದಿನ ಕಂತಲ್ಲಿ ತಗೊಳ್ಳೋಣ.