ದೂರದ ಅಗ್ಗ, ಹತ್ತಿರದ ದುಬಾರಿ

ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ನೆಲಸಿರುವ ನಮ್ಮವರ ಮನೆಗಳಲ್ಲಿ ಊಟಕ್ಕೆ ಕುಳಿತಾಗ ಮಾತು ಆಫೀಸು ಬ್ಯಾಂಕುಗಳಿಂದ ತೊಡಗಿದರೂ ಮಜ್ಜಿಗೆಯ ಹೊತ್ತಿಗೆ ಊರಿನ ಗದ್ದೆಗೆ ಬಂದು ನಿಲ್ಲುವುದುಂಟು. ಊರಿನಲ್ಲಿ ಒಂದಷ್ಟು ನೆಲ, ಅದನ್ನು ನೋಡಿಕೊಳ್ಳುವ ವಯಸ್ಸಾದ ಚಿಕ್ಕಪ್ಪನೋ ಸೋದರಮಾವನೋ ಒಬ್ಬರು, ಪಟ್ಟಣದಲ್ಲಿ ಸಂಬಳ ತರುವ ಅಣ್ಣತಮ್ಮಂದಿರು: ಇದು ನಮ್ಮ ಓದುಗರಲ್ಲಿ ಅನೇಕರ ಸಂಸಾರದ ಚಿತ್ರ. ಎತ್ತು ಕೋಣಗಳು ಹಟ್ಟಿಯಿಂದ ಹೋದ ಮೇಲೆ ಉಳುಮೆಯ ಯಂತ್ರವನ್ನು ಕೊಳ್ಳುವ ಪ್ರಶ್ನೆ ಇಂಥ ಮನೆಗಳಲ್ಲಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಹಣ ಕೊಡುವವರು ಪಟ್ಟಣದವರಾದ್ದರಿಂದ, ಅದನ್ನು ಎಲ್ಲಿ ಕೊಳ್ಳಬೇಕೆಂದು ತೀರ್ಮಾನಿಸುವ ಹಕ್ಕೂ ತಮ್ಮದೇ ಎಂದು ಅವರು ಭಾವಿಸುವುದು ಸಹಜ. ಅದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಈ ಸಲ ಸ್ವಲ್ಪ ವಿಚಾರಿಸೋಣ.

ನಮಗೆ ಪರಿಚಯವಿರುವ ಒಂದು ಕುಟುಂಬದ ಸಂಗತಿಯನ್ನೇ ತೆಗೆದುಕೊಳ್ಳುತ್ತೇವೆ, ಹೆಸರು ಬೇಡ. ಗದ್ದೆ ಇರುವುದು ಕಾಸರಗೋಡಿನಿಂದ ಒಳಗೆ, ಬೈಲು ಮಜಲು ಎಲ್ಲ ಸೇರಿ 3 ಎಕರೆ. ಅಣ್ಣ ತಿರುವನಂತಪುರದಲ್ಲಿ, ತಮ್ಮ ಕೊಚ್ಚಿಯಲ್ಲಿ, ಬೇಸಾಯ ಚಿಕ್ಕಪ್ಪನದು. ಅವರಿಗೆ ಎಪ್ಪತ್ತು ದಾಟಿತು. ಬಾಡಿಗೆಯ ಯಂತ್ರ ಹದ ಮೀರಿದ ಮೇಲೆ ಬಂದು ಎರಡು ವರ್ಷ ಏಣಿಲು ಬೆಳೆ ಸೊರಗಿದ್ದರಿಂದ ಬೇಸತ್ತು, “ಈ ಸಲವೂ ಹೀಗೇ ಆದರೆ ಗದ್ದೆಯನ್ನು ಹಡಿಲು ಬಿಡುತ್ತೇನೆ, ಮತ್ತೆ ನನ್ನನ್ನು ಕೇಳಬೇಡಿ” ಎಂದುಬಿಟ್ಟರು. ಕೇರಳದಲ್ಲಿ ಈ ಮಾತಿಗೆ ತೂಕ ಹೆಚ್ಚು. 1970ರ ದಶಕದಲ್ಲಿ 8 ಲಕ್ಷ ಹೆಕ್ಟೇರಿಗೂ ಮಿಕ್ಕಿದ್ದ ಭತ್ತದ ನೆಲ ಈಗ 2 ಲಕ್ಷದ ಆಸುಪಾಸಿಗೆ ಇಳಿದಿದೆ. ಗದ್ದೆಗೆ ಮಣ್ಣು ತುಂಬಿ ರೂಪ ಕೆಡಿಸುವುದನ್ನು 2008ರ ಕಾಯದೆ ತಡೆಯಿತೆಂಬುದು ನಿಜ. ಆದರೆ ಕಾಯದೆ ತಾನೇ ಕೆಸರಿಗೆ ಇಳಿದು ಉಳುವುದಿಲ್ಲವಷ್ಟೆ.

ಅಣ್ಣತಮ್ಮಂದಿರು ಗಾಬರಿಗೊಂಡರು. ಹಣ ಹಾಕಿ ಯಂತ್ರ ಕೊಳ್ಳುವುದೆಂದಾಯಿತು. ಎಲ್ಲಿಂದ? ಇಲ್ಲಿ ಮೂರು ಬಾಯಿ ಮೂರು ಮಾತು.

ತಿರುವನಂತಪುರದ ಅಣ್ಣನಿಗೆ ಗೆಳೆಯರೊಬ್ಬರು ನಾಗರಕೋಯಿಲಿನ ಆಚೆಯ ಒಬ್ಬ ವ್ಯಾಪಾರಿಯ ಸುಳುಹು ಕೊಟ್ಟರು. ಅಲ್ಲಿ ಸಣ್ಣ ಟ್ರ್ಯಾಕ್ಟರಿನ ಧಾರಣೆ ಬೇರೆಲ್ಲ ಕಡೆಗಿಂತ ಇಳಿವು. ಇದು ಬರಿಯ ಗಾಳಿಮಾತಲ್ಲ, ಇದಕ್ಕೆ ಕಾರಣವುಂಟು. ನಾಗರಕೋಯಿಲಿನ ಸುತ್ತಣ ನಾಂಜಿನಾಡು ಹಿಂದೆ ತಿರುವಿದಾಂಕೂರಿಗೆ ಅನ್ನ ಕೊಡುತ್ತಿದ್ದ ಸೀಮೆ. 1956ರ ನವೆಂಬರ್ 1ರಂದು ಭಾಷಾವಾರು ವಿಂಗಡಣೆಯಾದಾಗ ಕನ್ಯಾಕುಮಾರಿಯ ಆ ಭಾಗ ಮದರಾಸಿನ ಕಡೆಗೆ ಹೋಯಿತು; ಅದೇ ದಿನ ನಮ್ಮ ಕಾಸರಗೋಡು ಇತ್ತ ಕೇರಳಕ್ಕೆ ಸೇರಿತು. ನಾಂಜಿನಾಡನ್ನು ದಾಟಿ ತಿರುನೆಲ್ವೇಲಿಯ ಕಡೆಗೆ ಹೋದರೆ ತಾಮ್ರಪರ್ಣಿಯ ನೀರಿನ ವಿಶಾಲವಾದ ಗದ್ದೆ ಬಯಲುಗಳು. ಟ್ರ್ಯಾಕ್ಟರು ಹೆಚ್ಚು ಮಾರುವಲ್ಲಿ ಅಂಗಡಿಗಳೂ ಹೆಚ್ಚು, ಅಂಗಡಿ ಹೆಚ್ಚಿದಲ್ಲಿ ಪೈಪೋಟಿ ಹೆಚ್ಚು. ಒಬ್ಬ ಸಾವಿರ ಬಿಟ್ಟರೆ ಮತ್ತೊಬ್ಬ ಎರಡು ಸಾವಿರ ಬಿಡುತ್ತಾನೆ. ಗದ್ದೆ ಕರಗುತ್ತ ಬಂದ ಕೇರಳದಲ್ಲಿ ವರ್ಷಕ್ಕೆ ಕೆಲವೇ ಯಂತ್ರ ಮಾರುವ ವ್ಯಾಪಾರಿಗೆ ಆ ಔದಾರ್ಯ ಬರುವುದೆಲ್ಲಿಂದ?

ಕೊಚ್ಚಿಯ ತಮ್ಮನ ವಾದ ಬೇರೆ. ಆಲುವಾ ದಾಟಿ ಅಂಗಮಾಲಿಯ ಕಡೆಗೆ ಹೋಗುವಾಗ, ವಿಮಾನ ನಿಲ್ದಾಣಕ್ಕೆ ತಿರುಗುವಲ್ಲಿ ಅತ್ತಾಣಿ ಎಂಬ ಜಾಗವಿದೆ. ಮಲೆಯಾಳದಲ್ಲಿ ಅತ್ತಾಣಿಯೆಂದರೆ ತಲೆಹೊರೆಯವರು ಹೊರೆಯನ್ನು ಇಳಿಸಿಟ್ಟು ದಣಿವಾರಿಸಿಕೊಳ್ಳುವ ಕಲ್ಲು. ಉಳುಮೆಯ ಹೊರೆ ಇಳಿಸುವ ಕಾರ್ಖಾನೆ ಅಂಥ ಹೆಸರಿನ ಜಾಗದಲ್ಲೇ ಬಂದದ್ದು ಚೆನ್ನಾಯಿತು. ಕೇರಳ ಸರ್ಕಾರದ ‘ಕ್ಯಾಮ್ಕೊ’ 1973ರಲ್ಲಿ ಆರಂಭವಾಗಿ, ಜಪಾನಿನ ಕುಬೋಟಾ ಕಂಪೆನಿಯ ವಿದ್ಯೆಯಿಂದ ಪವರ್ ಟಿಲ್ಲರುಗಳನ್ನು ಮಾಡಿಕೊಂಡು ಬಂದಿದೆ. ನಮ್ಮ ಬೆಂಗಳೂರಿನಲ್ಲಿ 1967ರಲ್ಲಿ ಹುಟ್ಟಿದ ‘ವಿ.ಎಸ್.ಟಿ.’ ಟಿಲ್ಲರಿನ ಕಂಪೆನಿಯದೂ ಜಪಾನಿನ ಸಂಬಂಧವೇ, ಮಿತ್ಸುಬಿಷಿಯದು. ಮಲೆಯಾಳದ ಟಿಲ್ಲರೂ ಕನ್ನಡನಾಡಿನ ಟಿಲ್ಲರೂ ಹೀಗೆ ಜಪಾನಿನ ಕೆಸರುಗದ್ದೆಯ ದಾಯಾದಿಗಳು. “ಕಾರ್ಖಾನೆಯೇ ಮನೆಯ ಬಾಗಿಲಲ್ಲಿರುವಾಗ ಬೇರೆಲ್ಲಿಗೇಕೆ ಹೋಗಬೇಕು?” ಎಂದು ತಮ್ಮನ ಪ್ರಶ್ನೆ.

ಚಿಕ್ಕಪ್ಪ ಇಬ್ಬರ ಮಾತನ್ನೂ ಫೋನಿನಲ್ಲಿ ಕೇಳಿ ಒಂದೇ ಒಂದು ಕೇಳಿದರಂತೆ: “ಅದೆಲ್ಲ ಸರಿ ಮಾರಾಯ, ಬೆಳಿಗ್ಗೆ ಗದ್ದೆಯಲ್ಲಿ ಅದು ನಿಂತರೆ ಸಂಜೆಯೊಳಗೆ ಬರುವವನು ಯಾರು?”

ನಮಗೆ ಈ ಪ್ರಶ್ನೆ ಬಹಳ ಹಿಡಿಸಿತು. ತಮ್ಮ ‘ಬಾಗಿಲಲ್ಲಿ’ ಎಂದದ್ದು ಯಾರ ಬಾಗಿಲು? ಕೊಚ್ಚಿಯಿಂದ ಕಾಸರಗೋಡಿಗೆ 350 ಕಿಲೋಮೀಟರಿಗೂ ಮಿಕ್ಕ ದಾರಿ. ನಾಗರಕೋಯಿಲಿನಿಂದ 600ಕ್ಕೂ ಮೇಲೆ. ಅಣ್ಣನಿಗೆ ದೂರದ ಅಂಗಡಿ, ತಮ್ಮನಿಗೆ ಹತ್ತಿರದ ಅಂಗಡಿ ಎಂದು ಕಂಡದ್ದು ಗದ್ದೆಯ ಕಣ್ಣಿಗೆ ಎರಡೂ ದೂರವೇ. ಪಟ್ಟಣದಲ್ಲಿ ಕುಳಿತು ಊರಿಗೆ ಸಾಮಾನು ಕೊಳ್ಳುವ ನಾವೆಲ್ಲ ಅಳತೆಯ ಟೇಪನ್ನು ನಮ್ಮ ಕಾಲ ಬುಡದಿಂದಲೇ ಎಳೆಯುತ್ತೇವೆ.

ಬೆಲೆಯ ಮಾತಿಗೆ ಬರೋಣ. ದೂರದಲ್ಲಿ ಅಗ್ಗವೆಂದರೆ ಏಕೆ ಅಗ್ಗ ಎಂದು ಕೇಳುವುದು ಅಗತ್ಯ. ಹಿಂದೆ ರಾಜ್ಯಕ್ಕೊಂದು ಮಾರಾಟ ತೆರಿಗೆ ಇದ್ದಾಗ ಗಡಿ ದಾಟಿ ಕೊಳ್ಳುವುದರಲ್ಲಿ ಅರ್ಥವಿತ್ತು. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದು ಕೊಚ್ಚಿಯಲ್ಲೂ ನಾಗರಕೋಯಿಲಿನಲ್ಲೂ ತೆರಿಗೆ ಒಂದೇ ಆಯಿತು. ಟ್ರ್ಯಾಕ್ಟರಿನ ಮೇಲೆ ನೂರಕ್ಕೆ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದದ್ದೂ ಎಲ್ಲ ಕಡೆ ಒಟ್ಟಿಗೇ. ಅಂದಮೇಲೆ ಉಳಿದ ವ್ಯತ್ಯಾಸ ವ್ಯಾಪಾರಿ ತನ್ನ ಲಾಭದಲ್ಲಿ ಬಿಡುವುದು, ಇಲ್ಲವೆ ಸಾಮಾನಿನಲ್ಲಿ ಹಿಡಿದಿಡುವುದು. ಕೆಸರಿಗೆ ಬೇಕಾದ ಕಬ್ಬಿಣದ ಕೇಜ್ ವೀಲ್ ಬೆಲೆಯಲ್ಲಿ ಸೇರಿದೆಯೇ, ರೋಟರಿ ಸೇರಿದೆಯೇ, ಕೈ ಉಪಕರಣಗಳ ಪೆಟ್ಟಿಗೆ ಸೇರಿದೆಯೇ, ಯಂತ್ರ ಈ ವರ್ಷದ್ದೋ ಹೋದ ವರ್ಷ ಮಾರಾಟವಾಗದೆ ಅಂಗಡಿಯಲ್ಲಿ ಬಿಸಿಲು ಕಾಯ್ದದ್ದೋ, ಇವನ್ನು ಕೊಟೇಶನ್ನಿನಲ್ಲಿ ಬರೆಸಿಕೊಳ್ಳದೆ ‘ಅಗ್ಗ’ ಎಂಬ ಪದವನ್ನು ಉಚ್ಚರಿಸಲೇಬಾರದು. ಅಣ್ಣನ ಕೊಟೇಶನ್ನಿನಲ್ಲಿ ಕೇಜ್ ವೀಲ್ ಇರಲಿಲ್ಲ. ಲಾರಿಯ ಬಾಡಿಗೆಯನ್ನು ಆತ ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟಿದ್ದ.

ಇನ್ನು ಸರ್ಕಾರದ ಕಣ್ಣಿನ ಹತ್ತಿರ ದೂರ ಬೇರೆಯೇ ಉಂಟು. ಕಾಸರಗೋಡಿನ ಬೇಸಾಯಗಾರನಿಗೆ ನಿಜವಾದ ದೊಡ್ಡ ಪೇಟೆಯೆಂದರೆ ಮಂಗಳೂರು, ಸುಮಾರು 50 ಕಿಲೋಮೀಟರ್. ಆದರೆ ನಡುವೆ ತಲಪಾಡಿಯ ಗಡಿ. ಟ್ರ್ಯಾಕ್ಟರು ಯಾವ ರಾಜ್ಯದಲ್ಲಿ ನಿಂತಿರುತ್ತದೋ ಅಲ್ಲಿಯೇ ನೋಂದಣಿಯಾಗಬೇಕೆಂಬುದು 1988ರ ಮೋಟಾರು ವಾಹನ ಕಾಯದೆಯ ಕಟ್ಟಳೆ. ಮಂಗಳೂರಿನಲ್ಲೋ ನಾಗರಕೋಯಿಲಿನಲ್ಲೋ ಕೊಂಡರೆ ತಾತ್ಕಾಲಿಕ ನೋಂದಣಿಯಲ್ಲಿ ತಂದು, ಕೇರಳದಲ್ಲಿ ಮತ್ತೆ ನಿಲ್ಲಬೇಕು. ಹೊರರಾಜ್ಯದ ನಂಬರಿನಲ್ಲೇ ಇಟ್ಟುಕೊಂಡರೆ 12 ತಿಂಗಳ ಮೇಲೆ ನಡೆಯುವುದಿಲ್ಲ. ಹಳೆಯ ಕಚೇರಿಯ ಎನ್.ಒ.ಸಿ. ತರಲು ಮತ್ತೊಂದು ಪ್ರಯಾಣ. ಸಹಾಯಧನದ ಮಾತೂ ಹಾಗೆಯೇ. ಕೃಷಿ ಯಾಂತ್ರೀಕರಣದ ಕೇಂದ್ರ ಯೋಜನೆಯಲ್ಲಿ ಸಾಮಾನ್ಯ ರೈತರಿಗೆ ನೂರಕ್ಕೆ 40, ಸಣ್ಣ ಹಿಡುವಳಿದಾರರಿಗೂ ಹೆಂಗಸರಿಗೂ 50ರವರೆಗೆ, ಗೊತ್ತಾದ ಒಂದು ಮಿತಿಯೊಳಗೆ, ಹಣ ದೊರೆಯುವುದುಂಟು. ಆದರೆ ಅರ್ಜಿ ನೆಲವಿರುವ ರಾಜ್ಯದಲ್ಲಿ, ಮಂಜೂರಾತಿ ಮೊದಲು, ಕೊಳ್ಳುವುದು ಆಮೇಲೆ, ಅದೂ ಯೋಜನೆಯಲ್ಲಿ ಹೆಸರು ದಾಖಲಾದ ವ್ಯಾಪಾರಿಯಿಂದ. ಹದಿನೈದು ಸಾವಿರದ ಅಗ್ಗಕ್ಕೆ ಆಸೆಪಟ್ಟು ಇದನ್ನು ಕಳೆದುಕೊಂಡವನ ಲೆಕ್ಕ ಯಾವ ಶಾಲೆಯಲ್ಲಿ ಕಲಿತದ್ದೋ ನಾವು ಅರಿಯೆವು.

ಇಷ್ಟೆಲ್ಲ ಕಾಗದದ ವಿಚಾರ. ಚಿಕ್ಕಪ್ಪನ ಪ್ರಶ್ನೆ ಕೆಸರಿನದು.

ಮುಂಗಾರು ಹಿಡಿದು ಬೈಲಿನಲ್ಲಿ ನೀರು ನಿಂತ ಮೇಲೆ ಉಳುಮೆಗೆ ದೊರೆಯುವ ದಿನಗಳು ಎಣಿಕೆಯವು. ಒಂದು ಕಡೆ ನೇಜಿ ಹಾಕಿ ಆಗಿರುತ್ತದೆ. 20–25 ದಿನಗಳಲ್ಲಿ ಅದನ್ನು ಕಿತ್ತು ನೆಡಬೇಕು. ತಡವಾದಷ್ಟೂ ನೇಜಿ ಬಲಿಯುತ್ತದೆ, ನೆಟ್ಟ ಮೇಲೆ ತೆನೆ ಒಡೆಯುವುದು ಕುಗ್ಗುತ್ತದೆ. ನೆಡುವ ಹೆಂಗಸರ ತಂಡ ಒಂದು ದಿನಕ್ಕೆ ಮಾತು ಕೊಟ್ಟಿರುತ್ತದೆ, ಅದು ತಪ್ಪಿದರೆ ಮುಂದಿನ ಮನೆಗೆ ಹೋಗಿಬಿಡುತ್ತದೆ. ಈ ದಿನಗಳಲ್ಲೇ ಯಂತ್ರ ನಿಲ್ಲುವುದು. ವರ್ಷದ ಉಳಿದ ಹತ್ತು ತಿಂಗಳು ಕೊಟ್ಟಿಗೆಯಲ್ಲಿ ಸುಮ್ಮನಿರುವ ಟಿಲ್ಲರು ಅಲ್ಲೇ ನಿಲ್ಲಲು ಕಾರಣವೇನು ಹೇಳಿ? ದುಡಿಯುವಾಗಲೇ ಕೆಡುವುದು ಯಂತ್ರಕ್ಕೂ ಸ್ವಭಾವ. ಕೆಡುವುದೂ ದೊಡ್ಡದೇನಲ್ಲ. ಎಂಜಿನಿನ ಬಲವನ್ನು ಗೇರಿಗೆ ಒಯ್ಯುವ ಬೆಲ್ಟು ತುಂಡಾಗುತ್ತದೆ. ರೋಟರಿಯ ಬ್ಲೇಡು ಕಲ್ಲಿಗೆ ಬಡಿದು ಬಾಗುತ್ತದೆ. ಅಚ್ಚಿನ ಬಳಿಯ ಆಯಿಲ್ ಸೀಲ್ ಸವೆದು ಕೆಸರುನೀರು ಗೇರ್ ಪೆಟ್ಟಿಗೆಯೊಳಕ್ಕೆ ಇಳಿಯುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾದದ್ದನ್ನು ಆ ಸಂಜೆಯೇ ನೋಡಿ ಸರಿಪಡಿಸಿದರೆ ಅಲ್ಪ ಖರ್ಚು, ನೋಡದೆ ನಾಲ್ಕು ದಿನ ಓಡಿಸಿದರೆ ಬೇರಿಂಗು ಹಲ್ಲುಚಕ್ರ ಎಲ್ಲ ಹೋಗಿ ಬೆನ್ನು ಮುರಿಯುವ ಖರ್ಚು. ಕೆಲವು ನೂರು ರೂಪಾಯಿಯ ಬೆಲ್ಟು ಆರುನೂರು ಕಿಲೋಮೀಟರಿನಾಚೆಯಿಂದ ಪಾರ್ಸೆಲಿನಲ್ಲಿ ಬರುವಷ್ಟರಲ್ಲಿ ಹದ ಆರಿರುತ್ತದೆ. ಹಾಗೆ ಕಳೆದ ಬೆಳೆಯನ್ನು ಯಾರ ಬಿಲ್ಲಿನಲ್ಲಿ ಬರೆಯುವುದು?

ಗ್ಯಾರಂಟಿಯಿದೆಯಲ್ಲ ಎನ್ನುವವರುಂಟು. ಗ್ಯಾರಂಟಿ ಕೊಡುವುದು ಕಂಪೆನಿ, ನಿಜ. ಆದರೆ ಇಷ್ಟು ಗಂಟೆ ಓಡಿದ ಮೇಲೆ ಎಣ್ಣೆ ಬದಲಾಯಿಸಿದೆ, ಇಂಥ ಡೀಲರ್ ನೋಡಿದ್ದಾನೆ ಎಂದು ಪುಸ್ತಕದಲ್ಲಿ ಗುರುತು ಬೀಳದಿದ್ದರೆ ಅದು ಬರಿಯ ಕಾಗದ. ಬೇರೆಯವನು ಮಾರಿದ ಯಂತ್ರವನ್ನು ಹತ್ತಿರದ ಡೀಲರ್ ಮುಟ್ಟುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಮುಟ್ಟುತ್ತಾನೆ. ಆದರೆ ಮಳೆಗಾಲದ ಆ ವಾರ ಅವನ ಒಬ್ಬನೇ ಮೆಕ್ಯಾನಿಕ್ ಐದು ಕಡೆಯ ಕರೆಗೆ ಓಡುತ್ತಿರುವಾಗ, ತನ್ನಲ್ಲಿ ಕೊಂಡವನ ಗದ್ದೆಗೆ ಮೊದಲು, ದೂರದಲ್ಲಿ ಕೊಂಡವನ ಗದ್ದೆಗೆ ಕೊನೆಗೆ. ಇದನ್ನು ಅನ್ಯಾಯವೆನ್ನಲು ನಮಗೆ ಬಾಯಿ ಬರುವುದಿಲ್ಲ. ಮನುಷ್ಯ ತಾನೆ!

ಹಾಗೆಂದು ಹತ್ತಿರದವನು ಹೇಳಿದ ಬೆಲೆಗೆ ತಲೆಯಾಡಿಸಿ ಬರಬೇಕೆಂದಲ್ಲ. ಹತ್ತಿರದಲ್ಲಿ ಒಬ್ಬನೇ ಇದ್ದರೆ ಅವನಿಗೆ ಅಹಂಕಾರ ಬರುವುದೂ ಸಹಜವೇ. ದೂರದ ಕೊಟೇಶನ್ನಿಗೆ ಬೆಲೆ ಬರುವುದು ಇಲ್ಲಿ. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹತ್ತಿರದ ಅಂಗಡಿಗೆ ಹೋಗಿ ಮೇಜಿನ ಮೇಲೆ ಬಿಡಿಸಿಟ್ಟರೆ, ಪೂರಾ ವ್ಯತ್ಯಾಸವನ್ನಲ್ಲದಿದ್ದರೂ ಅರ್ಧವನ್ನಾದರೂ ಆತ ಬಿಡುವ ಸಂಭವವುಂಟು. ಹಣ ಬಿಡದವನು ಕೇಜ್ ವೀಲನ್ನೋ ಎರಡು ಬೆಲ್ಟನ್ನೋ ಸೇರಿಸಿಯಾನು. ಗದ್ದೆಯ ಪೇಟೆಯಲ್ಲಿ ಅದೇ ಕಂಪೆನಿಯ ಮನುಷ್ಯನಿದ್ದು, ಸರ್ವೀಸಿನ ಹೊಣೆ ತನ್ನದೆಂದು ಬರೆದುಕೊಟ್ಟರೆ, ಬಿಲ್ಲು ಎಲ್ಲಿಯದಾದರೂ ಚಿಂತೆಯಿಲ್ಲ. ಬಯಲಿನ ನಾಡಿನಲ್ಲಿ ಇಪ್ಪತ್ತು ಎಕರೆ ಹೊಲವಿದ್ದು, ಮನೆಯಲ್ಲೇ ಸ್ಪ್ಯಾನರ್ ಹಿಡಿಯಬಲ್ಲ ಹುಡುಗನಿದ್ದರೆ ನಮ್ಮ ಈ ಲೆಕ್ಕವೇ ಬೇರೆಯಾಗುತ್ತದೆ.

ನಮ್ಮ ಪರಿಚಯದ ಆ ಮನೆಯಲ್ಲಿ ಕಡೆಗೆ ಚಿಕ್ಕಪ್ಪನೇ ಕಾಸರಗೋಡಿನ ಪೇಟೆಗೆ ಹೋದರು. ಹೊಸ ಯಂತ್ರದ ಅಂಗಡಿಗಲ್ಲ, ಬಿಡಿಭಾಗದ ಅಂಗಡಿಗೆ. ಗೋಡೆಯ ಮೊಳೆಗಳಲ್ಲಿ ಯಾವ ಯಂತ್ರದ ಬೆಲ್ಟುಗಳು ಹೆಚ್ಚು ತೂಗುತ್ತಿವೆಯೆಂದು ನೋಡಿದರು, ಯಾವುದಕ್ಕೆ ಧೂಳು ಹಿಡಿದಿದೆ, ಯಾವುದು ಹೊಸದಾಗಿ ಬಂದಿದೆ ಎಂದೂ ನೋಡಿದರು. ಅಲ್ಲಿನ ಮೆಕ್ಯಾನಿಕ್ ಹುಡುಗನನ್ನು ಚಹಾ ಕುಡಿಸಿ ಮಾತಾಡಿಸಿದರು. ಸಣ್ಣ ಟ್ರ್ಯಾಕ್ಟರು ಬೇಡ, ನಮ್ಮ ಹುಣಿಗಳ ನಡುವೆ ತಿರುಗಲು ಅದಕ್ಕೆ ಜಾಗವಿಲ್ಲ, ಟಿಲ್ಲರೇ ಸಾಕು ಎಂದು ಅಣ್ಣನಿಗೆ ತಿಳಿಸಿದರು. ಕೃಷಿ ಭವನದಲ್ಲಿ ಅರ್ಜಿಯ ವಿಷಯ ವಿಚಾರಿಸಿಕೊಂಡು, ಗೋಡೆಯಲ್ಲಿ ಹೆಚ್ಚು ಬೆಲ್ಟು ತೂಗುತ್ತಿದ್ದ ಯಂತ್ರವನ್ನೇ ಜಿಲ್ಲೆಯೊಳಗಿನ ಡೀಲರನಲ್ಲಿ ಗೊತ್ತುಮಾಡಿದರು. ಕೊಚ್ಚಿಯ ತಮ್ಮ ಅತ್ತಾಣಿಯ ಧಾರಣೆಯನ್ನು ಮೊದಲೇ ಕೇಳಿ ತಿಳಿಸಿದ್ದು ಚೌಕಾಸಿಗೆ ಒದಗಿತು.

ಒಂದೆಕರೆ ಎರಡೆಕರೆಯವರು ಇಷ್ಟಕ್ಕೆಲ್ಲ ಕೈಹಾಕುವ ಮುನ್ನ ಕೇರಳದಲ್ಲಿ ಕಾರ್ಷಿಕ ಕರ್ಮಸೇನ, ಅಗ್ರೋ ಸರ್ವೀಸ್ ಸೆಂಟರ್, ಕರ್ನಾಟಕದಲ್ಲಿ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರ ಇವನ್ನು ವಿಚಾರಿಸುವುದು ಮೇಲು. ಬಾಡಿಗೆಯ ಯಂತ್ರ ಹದಕ್ಕೆ ಸರಿಯಾಗಿ ಬರುವುದಾದರೆ ಅದಕ್ಕಿಂತ ಅಗ್ಗ ಯಾವುದೂ ಇಲ್ಲ. ಬರುವುದೋ ಇಲ್ಲವೋ ಎಂಬುದನ್ನು ನೆರೆಕರೆಯವರು ಹೇಳಬಲ್ಲರು, ನಾವು ಹೇಳಲಾರೆವು. ಕೊಳ್ಳುವುದೇ ಎಂದಾದರೆ ಪತ್ತನಾಜೆಗೆ ಮೊದಲು ಯಂತ್ರ ಅಂಗಳದಲ್ಲಿರಬೇಕು, ಒಂದು ಸಲ ಒಣನೆಲದಲ್ಲಿ ಓಡಿಸಿ ನೋಡಿರಬೇಕು, ಎರಡು ಬೆಲ್ಟು ಒಂದು ಜೊತೆ ಆಯಿಲ್ ಸೀಲ್ ಅಟ್ಟದಲ್ಲಿರಬೇಕು.

ಚಿಕ್ಕಪ್ಪನ ಟಿಲ್ಲರು ಬಂದು ಒಂದು ಏಣಿಲು, ಒಂದು ಸುಗ್ಗಿ ಮುಗಿಯಿತು. ದೂರದ ಅಂಗಡಿಯ ಕಾಗದದಲ್ಲಿ ಕಂಡ ಅಗ್ಗವನ್ನು ತಿರುವನಂತಪುರದ ಅಣ್ಣ ಇನ್ನೂ ಮರೆತಿಲ್ಲ. ಊರಿಗೆ ಹೋದಾಗಲೆಲ್ಲ ಆ ಮಾತೆತ್ತುತ್ತಾನೆ, ಚಿಕ್ಕಪ್ಪ ಕೇಳಿಸಿಕೊಂಡು ಎಲೆಯಡಿಕೆಯ ಹರಿವಾಣವನ್ನು ಅವನ ಕಡೆಗೆ ಸರಿಸುತ್ತಾರೆ.