ಅಟ್ಟದ ಆಟದ ಡಬ್ಬಿ ಗುಜರಿಗೆ ಹೋಗುವ ಮುನ್ನ

ದೀಪಾವಳಿಗೆ ಮುಂಚೆ ಅಟ್ಟ ಗುಡಿಸುವ ಕೆಲಸ ನಮ್ಮಲ್ಲಿ ಯಾರಿಗೆ ತಪ್ಪಿದೆ ಹೇಳಿ! ಹಳೇ ಟ್ರಂಕು, ಕೈ ಮುರಿದ ಬೊಂಬೆ, ಮಕ್ಕಳ ಕಂಪಾಸ್ ಡಬ್ಬಿ ಇವುಗಳ ನಡುವೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿಯೂ ಸಿಕ್ಕೀತು. ಮೇಲೆ ಮಸುಕು ಗಾಜು, ಎಡಗಡೆ ಪ್ಲಸ್ ಗುರುತಿನಂಥ ಗುಂಡಿ, ಬಲಗಡೆ ಇನ್ನೆರಡು. "ಇದ್ಯಾವ ಕ್ಯಾಲ್ಕುಲೇಟರೋ" ಅಂತ ಹಳೇ ಪೇಪರಿನವನ ಚೀಲಕ್ಕೆ ಹಾಕಹೊರಟಿದ್ದೀರಾ? ಸ್ವಲ್ಪ ತಾಳಿ. ಅದು ನಿಮ್ಮ ಮಗನೋ, ತಮ್ಮನೋ, ನಾದಿನಿಯೋ ಒಂದು ಕಾಲಕ್ಕೆ ಊಟ ಬಿಟ್ಟು ಆಡುತ್ತಿದ್ದ ವಿಡಿಯೋ ಗೇಮು. ಈಗ ಅಂಥದನ್ನು ಹುಡುಕಿ ಕೊಂಡು, ರಿಪೇರಿ ಮಾಡಿ, ಸಂಜೆ ಹೊತ್ತು ಕೂತು ಆಡುವವರು ಪ್ರಪಂಚದ ತುಂಬ ಇದ್ದಾರೆ.

ಕ್ಯಾಲ್ಕುಲೇಟರ್ ಅಂದುಕೊಂಡರೆ ಅಷ್ಟೇನೂ ತಪ್ಪಿಲ್ಲ ಬಿಡಿ. ಜಪಾನಿನ ಕ್ಯೋಟೋ ಊರಿನ ನಿಂಟೆಂಡೊ ಕಂಪನಿ ೧೮೮೯ರಲ್ಲಿ ಶುರುವಾದದ್ದು ಇಸ್ಪೀಟಿನಂಥ ಎಲೆಗಳನ್ನು ಮಾಡುವುದಕ್ಕೆ. ಅಲ್ಲಿಗೆ ೧೯೬೫ರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರು ಗುನ್‌ಪೇ ಯೊಕೊಯ್. ರೈಲಿನಲ್ಲಿ ಒಬ್ಬಾತ ಹೊತ್ತು ಹೋಗದೆ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಾ ಕೂತಿದ್ದನ್ನು ಇವರು ಕಂಡರಂತೆ. ಅದರಿಂದ ಹುಟ್ಟಿದ್ದು ೧೯೮೦ರ 'ಗೇಮ್ ಅಂಡ್ ವಾಚ್': ಕ್ಯಾಲ್ಕುಲೇಟರಿನದೇ ಪರದೆ, ಗುಂಡು ಸೆಲ್ಲು, ಒಂದು ಆಟ, ಜೊತೆಗೊಂದು ಗಡಿಯಾರ. ಆ ಪ್ಲಸ್ ಗುಂಡಿ ೧೯೮೨ರ ಮಾದರಿಯಲ್ಲಿ ಬಂತು. ೧೯೮೯ರಲ್ಲಿ ಬಂದದ್ದು 'ಗೇಮ್ ಬಾಯ್'.

ಬಳಸಿ ಹಳತಾಗಿ ಅಗ್ಗವಾದ ತಂತ್ರವನ್ನೇ ಹೊಸ ದಾರಿಗೆ ಹಚ್ಚಬೇಕು ಎನ್ನುವುದು ಯೊಕೊಯ್ ಅವರ ಸೂತ್ರ. ನಮಗೆ ಇದನ್ನು ಬಿಡಿಸಿ ಹೇಳಬೇಕೆ? ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡಿದರೆ ಚಿತ್ರಾನ್ನ! ಗೇಮ್ ಬಾಯ್ ಪರದೆಗೆ ಬಣ್ಣವಿಲ್ಲ, ದೀಪವಿಲ್ಲ. ಹಸಿರು ಮಿಶ್ರಿತ ನಾಲ್ಕು ಛಾಯೆ ಅಷ್ಟೆ. ಆದರೆ ನಾಲ್ಕು ಪೆನ್ಸಿಲ್ ಸೆಲ್ಲು ಹಾಕಿದರೆ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ೧೯೯೦ರಲ್ಲಿ ಸೇಗಾ ಕಂಪನಿಯವರು ತಂದ 'ಗೇಮ್ ಗೇರ್'ಗೆ ಬಣ್ಣದ ಪರದೆಯೇನೋ ಇತ್ತು, ಆರು ಸೆಲ್ಲನ್ನು ಮೂರರಿಂದ ಐದು ಗಂಟೆಯಲ್ಲಿ ಮುಗಿಸಿ ಕೈಚಾಚುತ್ತಿತ್ತು. ಮನೆ ಖರ್ಚು ನೋಡುವವರು ಯಾವುದನ್ನು ಆರಿಸಿಯಾರು? ಮುಂದೆ ಬಂದ ಕಲರ್ ಮಾದರಿಯೂ ಸೇರಿ ಗೇಮ್ ಬಾಯ್ ೧೧ ಕೋಟಿ ೮೦ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಯೊಕೊಯ್ ೧೯೯೭ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಹೆಸರಿನಲ್ಲಿ 'ಬಾಯ್' ಇದೆ ಎಂದು ಇದು ಗಂಡುಮಕ್ಕಳ ಸಾಮಾನು ಎಂದುಕೊಳ್ಳಬೇಡಿ. ೧೯೯೫ರಲ್ಲಿ ಕಂಪನಿಯ ಅಮೆರಿಕದ ಶಾಖೆಯೇ ಹೇಳಿದ ಲೆಕ್ಕದಂತೆ, ಗೇಮ್ ಬಾಯ್ ಆಡುವವರಲ್ಲಿ ನೂರಕ್ಕೆ ೪೬ ಮಂದಿ ಹೆಣ್ಣುಮಕ್ಕಳು. ಟೀವಿಗೆ ಜೋಡಿಸಿ ಆಡುವ ಅವರದೇ ಇನ್ನೊಂದು ಯಂತ್ರದಲ್ಲಿ ಇದು ೨೯ ಮಾತ್ರ. ನನ್ನನ್ನು ಕೇಳಿದರೆ, ಟೀವಿ ಎದುರಿನ ಜಾಗ ಯಾರದು ಎಂಬ ಜಗಳ ಇದಕ್ಕಿರಲಿಲ್ಲ, ಅದೇ ಕಾರಣ. ಅಮೆರಿಕದಲ್ಲಿ ಅದರೊಂದಿಗೇ ಕೊಡುತ್ತಿದ್ದ ಆಟ ಟೆಟ್ರಿಸ್. ೧೯೮೪ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೋವ್ ಕಟ್ಟಿದ್ದು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಂದಿಯಿಲ್ಲದೆ ಜೋಡಿಸುವುದು. ಡಬ್ಬಿಯಲ್ಲಿ ಕೋಡುಬಳೆ ತುಂಬುವವರಿಗೆ ಇದೇನು ಮಹಾ!

ನಮ್ಮ ಕಡೆ ಗೇಮ್ ಬಾಯ್ ಎಲ್ಲರ ಮನೆಗೂ ಬರಲಿಲ್ಲ. ಗಲ್ಫಿನಿಂದಲೋ ಅಮೆರಿಕದಿಂದಲೋ ಬಂದ ನೆಂಟರ ಸೂಟ್‌ಕೇಸಿನಲ್ಲಿ, ಸೆಂಟಿನ ಬಾಟಲಿಯ ಪಕ್ಕ ಕೂತು ಬಂತು. ಉಳಿದವರಿಗೆ ೧೯೯೦ರ ದಶಕದಲ್ಲಿ ಜಾತ್ರೆಯಲ್ಲೂ ಫ್ಯಾನ್ಸಿ ಸ್ಟೋರಿನಲ್ಲೂ ಸಿಗುತ್ತಿದ್ದ ಚೀನಾದ 'ಬ್ರಿಕ್ ಗೇಮ್'. ಡಬ್ಬದ ಮೇಲೆ ೯೯೯೯ ಆಟ ಎಂದು ಬರೆದಿರುತ್ತಿತ್ತು. ಒಳಗೆ ಇದ್ದದ್ದು ಕೆಲವೇ ಆಟ, ವೇಗ ಮಾತ್ರ ಬೇರೆ ಬೇರೆ. ಸಂಗ್ರಹಕಾರರು ಅದನ್ನು ಕೀಳಾಗಿ ಕಂಡರೆ ಕಾಣಲಿ. ಅಟ್ಟದಲ್ಲಿ ಅದು ಸಿಕ್ಕರೂ ಇಟ್ಟುಕೊಳ್ಳಿ ಎನ್ನುತ್ತೇನೆ ನಾನು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಓದುಗ ಸೋದರಿಯೊಬ್ಬರ ಪತ್ರ ನನ್ನೆದುರಿಗಿದೆ. ಹೆಸರು, ಊರು ಬೇಡ. ಅವರ ಮೈದುನ ತೀರಿಕೊಂಡು ಕೆಲವು ವರ್ಷಗಳಾದವು. ಆತನ ಮಗಳಿಗೀಗ ಹನ್ನೆರಡು. ಬೀರು ಜಾಲಾಡುವಾಗ ಅಪ್ಪನ ಗೇಮ್ ಬಾಯೂ ಅದರೊಳಗೆ ಪೋಕೆಮಾನ್ ಆಟದ ಒಂದು ಕ್ಯಾಸೆಟ್ಟೂ ಸಿಕ್ಕಿವೆ. ಸೆಲ್ಲು ಹಾಕಿದಾಗ ಹುಡುಗಿ, "ದೊಡ್ಡಮ್ಮಾ, ಇಲ್ಲಿ ಅಪ್ಪನ ಹೆಸರಿದೆ" ಎಂದು ಓಡಿಬಂದಳಂತೆ. ರಿಪೇರಿಯವನಿಗೆ ತೋರಿಸಿದರೆ, "ಕ್ಯಾಸೆಟ್ಟಿನ ಒಳಗಿನ ಸೆಲ್ಲು ಹಳೇದಾಗಿದೆ, ಇವತ್ತೇ ಬದಲಾಯಿಸಿ ಕೊಡ್ತೀನಿ" ಎಂದನಂತೆ. "ಹಾಕಿಸಲೇ?" ಎಂದು ಆಕೆಯ ಪ್ರಶ್ನೆ.

ಬೇಡಿ, ಅವಸರ ಮಾಡಲೇಬೇಡಿ! ಆ ಕ್ಯಾಸೆಟ್ಟಿನಲ್ಲಿ ಎರಡು ಬಗೆಯ ನೆನಪುಂಟು. ಆಟ ಎಂಬುದು ಪುಸ್ತಕದ ಅಚ್ಚಿನ ಹಾಗೆ, ಸೆಲ್ಲಿಲ್ಲದಿದ್ದರೂ ಅಳಿಸದು. ಆದರೆ ಆಡಿದವರ ಹೆಸರು, ಎಲ್ಲಿಯವರೆಗೆ ಬಂದರು, ಎಷ್ಟು ಗಂಟೆ ಆಡಿದರು, ಇವೆಲ್ಲ ಸ್ಲೇಟಿನ ಮೇಲೆ ಬರೆದ ಹಾಗೆ ಬೇರೊಂದು ಚಿಪ್ಪಿನಲ್ಲಿವೆ. ಅದನ್ನು ಕಾಯುತ್ತಿರುವುದು ನಾಣ್ಯದಂಥ ಒಂದು ಪುಟ್ಟ ಲೀಥಿಯಂ ಸೆಲ್ಲು. ಸೆಲ್ಲು ಕಿತ್ತರೆ ಸ್ಲೇಟು ಒರೆಸಿದಂತೆಯೇ. ಈ ಆಟ ಜಪಾನಿನಲ್ಲಿ ೧೯೯೬ರಲ್ಲಿ, ಅಮೆರಿಕದಲ್ಲಿ ೧೯೯೮ರಲ್ಲಿ ಬಂದದ್ದು. ಇಂಥ ಸೆಲ್ಲು ಹದಿನೈದು ಇಪ್ಪತ್ತು ವರ್ಷ ಬಾಳಿದರೆ ಹೆಚ್ಚು. ಇವರದು ಇನ್ನೂ ಉಸಿರು ಹಿಡಿದಿರುವುದು ಪುಣ್ಯ. ಹಾಗೆಂದು ಸುಮ್ಮನೆ ಬಿಡುವಂತೆಯೂ ಇಲ್ಲ, ಒಂದು ದಿನ ತಾನಾಗಿ ಆರಿಹೋಗುತ್ತದೆ.

ಕ್ಯಾಸೆಟ್ಟಿನಲ್ಲಿ ಉಳಿದದ್ದನ್ನು ಕಂಪ್ಯೂಟರಿಗೆ ನಕಲು ಮಾಡುವ ಪುಟ್ಟ ಸಾಧನಗಳು ಸಿಗುತ್ತವೆ. ಹಳೇ ಆಟಗಳ ಹವ್ಯಾಸಿಗಳ ಬಳಿ ಇದ್ದೇ ಇರುತ್ತವೆ. ಮೊದಲು ನಕಲು. ನಕಲು ಸರಿಯಾಗಿ ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡಿ. ಆಮೇಲೆ ಹೊಸ ಸೆಲ್ಲನ್ನು ಬೆಸುಗೆ ಹಾಕಿಸಿ, ನಕಲನ್ನು ತಿರುಗಿ ಕ್ಯಾಸೆಟ್ಟಿಗೆ ತುಂಬಿಸಿ. "ಮೊದಲು ನಕಲು ಮಾಡ್ತೀರಾ?" ಎಂದು ಕೇಳಿದಾಗ ಮುಖ ಮುಖ ನೋಡುವ ರಿಪೇರಿಯವನ ಕೈಗೆ ಕೊಡಲೇಬೇಡಿ. ಅಲ್ಲಿಯವರೆಗೆ ಮಗುವಿಗೂ ಒಂದು ಮಾತು ಹೇಳಿಡಿ: 'ನ್ಯೂ ಗೇಮ್' ಎಂದು ಹೊಸ ಆಟ ತೆಗೆದು ಉಳಿಸಬಾರದು. ಈ ಆಟದಲ್ಲಿ ಒಬ್ಬರ ಲೆಕ್ಕಕ್ಕೆ ಮಾತ್ರ ಜಾಗ. ಹೊಸದು ಉಳಿಸಿದರೆ ಹಳೇದು ಹೋಯಿತು.

ಇಷ್ಟೆಲ್ಲಾ ಮಾಡಿ ಉಳಿಯುವುದೇನು ಎನ್ನುತ್ತೀರಾ? ಇಂಗ್ಲಿಷಿನ ಏಳು ಅಕ್ಷರದ ಒಂದು ಹೆಸರು. ಮಂಜುನಾಥ ಎಂದಿದ್ದರೆ 'ಮಂಜುನಾ' ಎಂದೇ ನಿಲ್ಲಬೇಕು, ಅದಕ್ಕಿಂತ ಜಾಗವಿಲ್ಲ. ಕೆಳಗೆ, ಆತ ಆಡಿದ ಗಂಟೆ ನಿಮಿಷಗಳ ಲೆಕ್ಕ. ಫೋಟೋಕ್ಕೆ ಹಾರ ಹಾಕುತ್ತೇವೆ. ಆದರೆ ಫೋಟೋದಲ್ಲಿ ಅಪ್ಪ ಎಲ್ಲಿಗೆ ಹೊರಟು ಎಲ್ಲಿ ನಿಂತ ಎಂದು ತಿಳಿಯುವುದಿಲ್ಲ, ಇದರಲ್ಲಿ ತಿಳಿಯುತ್ತದೆ. ಅಪ್ಪ ನಿಲ್ಲಿಸಿದಂತೆಯೇ ಇರುವ ಒಂದು ನಕಲನ್ನು ಎರಡು ಕಡೆ ಭದ್ರವಾಗಿಡಿ. ಕ್ಯಾಸೆಟ್ಟನ್ನು ಮಾತ್ರ ಹುಡುಗಿಯ ಕೈಗೇ ಕೊಡಿ, ಅಲ್ಲಿಂದ ಮುಂದಕ್ಕೆ ಅವಳು ಆಡಲಿ. ಷೋಕೇಸಿನಲ್ಲಿ ಬೀಗ ಹಾಕಿಡುವುದು ನನಗೆ ಒಪ್ಪಿಗೆಯಿಲ್ಲ. ಪೊಟ್ಟಣವನ್ನೇ ಒಡೆಯದೆ ಹಳೇ ಆಟ ಕೂಡಿಡುವ ಶ್ರೀಮಂತರಿದ್ದಾರೆ. ಬೆಳ್ಳಿ ಲೋಟ ಲಾಕರಿನಲ್ಲಿಟ್ಟು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುವ ಜಾತಿ ಅದು!

ಇನ್ನು ಶುಚಿ ಮಾಡುವ ವಿಚಾರ. ಪೆನ್ಸಿಲ್ ಸೆಲ್ಲು ಒಳಗೇ ಉಳಿದು ಸೋರಿ, ತಂತಿಯ ಮೇಲೆ ಬಿಳಿ ಹುಡಿ ಕಟ್ಟಿದೆಯೇ? ಆಲ್ಕಲೈನ್ ಸೆಲ್ಲಾದರೆ ಅದು ಕ್ಷಾರ. ಕಡ್ಡಿಗೆ ಹತ್ತಿ ಸುತ್ತಿ ವಿನೆಗರಿನಲ್ಲಿ ಅದ್ದಿ ಒರೆಸಿದರೆ ಬಿಡುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿ ಚೆನ್ನಾಗಿ ಆರಲು ಬಿಡಿ. ಕ್ಯಾಸೆಟ್ಟಿನ ಹಲ್ಲುಗಳಿಗೂ ಅದೇ ಆಲ್ಕೊಹಾಲ್ ಸಾಕು. ಬಾಯಿಂದ ಉಫ್ ಎಂದು ಊದುವ ಹಳೇ ಚಾಳಿ ಬೇಡ, ಉಸಿರಿನ ತೇವಕ್ಕೆ ಲೋಹ ಕಿಲುಬು ಹಿಡಿಯುತ್ತದೆ. ಹಿಂಬದಿಯ ಸ್ಕ್ರೂ ತಲೆಗೆ ಮೂರು ಗೀರು. ಅಡಿಗೆಮನೆ ಚಾಕು ಹಾಕಿ ತಿರುಗಿಸಿದರೆ ತಲೆ ಸವೆಯುವುದೇ ಲಾಭ. ಬೂದು ಪ್ಲಾಸ್ಟಿಕ್ ಹಳದಿಗಟ್ಟಿದ್ದರೆ, ಬ್ಯೂಟಿ ಪಾರ್ಲರಿನವರು ಕೂದಲಿಗೆ ಹಚ್ಚುವ ಪೆರಾಕ್ಸೈಡ್ ಕ್ರೀಮ್ ಬಳಿದು ಬಿಸಿಲಿಗಿಡುವವರಿದ್ದಾರೆ. ಬೆಳ್ಳಗಾಗುವುದು ನಿಜ, ದಿನ ಕಳೆದಂತೆ ತಿರುಗಿ ಹಳದಿಯಾಗುವುದೂ ನಿಜ. ಕೈ ಸುಟ್ಟುಕೊಳ್ಳುವುದು ಬೇರೆ. ನಾನಾದರೆ ಹಳದಿಯಾಗೇ ಇರಲಿ ಎಂದು ಬಿಡುವೆ. ಮಸುಕು ಪರದೆ ತೆಗೆದು ದೀಪವಿರುವ ಹೊಸ ಪರದೆ ಹಾಕಿಸುವುದು ಬೇರೆ ಮಾತು. ಅಜ್ಜಿಯ ಸೀರೆಗೆ ಹೊಸ ಫಾಲ್ ಹೊಲಿಸಿದರೆ ಸೀರೆ ಅಜ್ಜಿಯದೇ ಅಲ್ಲವೆ? ಬಿಚ್ಚಿದ ಹಳೇ ಪರದೆಯನ್ನು ಜೋಪಾನ ಮಾಡಿ, ಅಷ್ಟೆ.

ಹೊಸದಾಗಿ ಕೊಳ್ಳುವ ಆಸೆ ಹುಟ್ಟಿದ ಮನೆಯವರಿಗೆ ತಿಂಗಳಿಗಿಷ್ಟೇ ಎಂದು ಲೆಕ್ಕ ಕಟ್ಟಿಕೊಡಿ. ಪೋಕೆಮಾನ್ ಕ್ಯಾಸೆಟ್ಟಿನಲ್ಲಿ ನಕಲಿ ಹಾವಳಿ ಬಹಳ. ಆಟ ನಡೆಯುತ್ತಿರುವ ಚಿತ್ರವನ್ನೂ ಒಳಗಿನ ಹಲಗೆಯ ಚಿತ್ರವನ್ನೂ ಕೇಳದೆ ಹಣ ಕಳಿಸಬಾರದು.

ಮನೆಯಲ್ಲಿ ಚಿಕ್ಕ ಮಗುವಿದ್ದರೆ ಇದೊಂದನ್ನು ಮರೆಯಲೇಬೇಡಿ. ನಾಣ್ಯದಂಥ ಆ ಲೀಥಿಯಂ ಸೆಲ್ಲು ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟು ಗಾಯವಾಗಬಹುದು. ಆಟಕ್ಕೆ ಸಾಲದಷ್ಟು ಸವೆದ ಸೆಲ್ಲಿಗೂ ಆ ಶಕ್ತಿ ಉಳಿದಿರುತ್ತದೆ. ಅನ್ನದ ಉಂಡೆ, ಬಾಳೆಹಣ್ಣು ನುಂಗಿಸಿ ಇಳಿಸುವ ಪ್ರಯತ್ನ ಬೇಡ, ವಾಂತಿ ಮಾಡಿಸುವುದೂ ಬೇಡ. ನುಂಗಿತೋ ಇಲ್ಲವೋ ಎಂಬ ಅನುಮಾನವಿದ್ದರೂ ನೇರ ಆಸ್ಪತ್ರೆಗೆ ಒಯ್ದು ಎಕ್ಸ್-ರೇ ತೆಗೆಸಿ. ಬಿಚ್ಚಿದ ಹಳೇ ಸೆಲ್ಲನ್ನು ಎರಡೂ ಬದಿಗೆ ಟೇಪು ಸುತ್ತಿ, ಮಗುವಿನ ಕೈಗೆಟುಕದ ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಬುಟ್ಟಿಗೆ ಬೇಡ.