ಯಂತ್ರದ ದುಭಾಷಿ ಯಾರ ಪಕ್ಷ?

ಕಲಬುರಗಿಯ ಒಂದು ಬ್ಯಾಳಿ ಮಿಲ್ಲಿನ ಅಂಗಳದಲ್ಲಿ ಇತ್ತೀಚೆಗೆ ನಾವು ಕಂಡ ದೃಶ್ಯವನ್ನು ಓದುಗರ ಮುಂದೆ ಇಡಬಯಸುತ್ತೇವೆ. ಮಧ್ಯಾಹ್ನದ ಬಿಡುವಿನಲ್ಲಿ ನಮ್ಮೂರಿನ ಹಿರಿಯ ಹಮಾಲರೊಬ್ಬರು ಮತ್ತು ಬಿಹಾರದಿಂದ ದುಡಿಯಲು ಬಂದ ತರುಣನೊಬ್ಬ ಚೀಲಗಳ ಮೇಲೆ ಎದುರುಬದುರು ಕುಳಿತಿದ್ದರು. ನಡುವೆ ಒಂದು ಮೊಬೈಲ್ ಫೋನು. "ತಮ್ಮಾ, ಊಟಾ ಆತೇನು?" ಎಂದು ಹಿರಿಯರು ಅದರ ಮುಂದೆ ಕೇಳಿದರು. ಫೋನು ಅದನ್ನು ಹಿಂದಿಯಲ್ಲಿ ನುಡಿಯಿತು. ಹುಡುಗ ನಕ್ಕು, "ಆಯಿತು ಚಾಚಾ" ಎಂದು ತನ್ನ ಮಾತಿನಲ್ಲಿ ಹೇಳಿದ. ಫೋನು ಅದನ್ನು ಕನ್ನಡದಲ್ಲಿ ಹೇಳಿತು. ಒಂದೇ ಚೀಲಕ್ಕೆ ಹೆಗಲು ಕೊಟ್ಟೂ ಆರು ತಿಂಗಳು ಮಾತಿಲ್ಲದೆ ಇದ್ದ ಇಬ್ಬರು ಆ ದಿನ ಮಾತಾಡಿದರು. ಸುತ್ತ ನಿಂತವರೆಲ್ಲ ನಕ್ಕರು. ನಾವೂ ನಕ್ಕೆವು, ಸಂತೋಷಪಟ್ಟೆವು.

ಆದರೆ ಮಾತು ಊಟದಿಂದ ಪಗಾರಕ್ಕೆ ಬಂದಾಗ ನಗೆ ನಿಂತಿತು. "ನನಗೂ ಹೋದ ವಾರದ ಪಗಾರ ಬಂದಿಲ್ಲ" ಎಂದು ಹಿರಿಯರು ಹೇಳಿದರು. ಅದೇ ಹೊತ್ತಿಗೆ ಒಳಗೆ ಯಂತ್ರ ಸುರುವಾಯಿತು. ಫೋನು ಹಿಂದಿಯಲ್ಲಿ ಹೇಳಿದ್ದು, ಪಗಾರ ಬಂದಿದೆ ಎಂದು. ಎಲ್ಲರಿಗೂ ಬಂದು ತನಗೊಬ್ಬನಿಗೇ ಬಂದಿಲ್ಲವೆಂದು ತಿಳಿದ ಹುಡುಗನ ಮುಖ ಬಾಡಿತು. ಎರಡೂ ಭಾಷೆ ಬಲ್ಲವನೊಬ್ಬ ಪಕ್ಕದಲ್ಲಿ ಇದ್ದುದರಿಂದ ತಪ್ಪು ತಿಳಿಯಿತು. ಅವನು ಇಲ್ಲದಿದ್ದರೆ?

ನಮ್ಮ ಇಂದಿನ ಪ್ರಶ್ನೆ ಇದೇ. ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದುಡಿಯುವವನ ಹೊರೆ ಇಳಿಸುವ ಯಾವ ಯಂತ್ರವನ್ನೂ ನಾವು ವಿರೋಧಿಸುವುದಿಲ್ಲ. ಅದು ಯಾರ ಕೈಯಲ್ಲಿದೆ, ಯಾರ ಮಾತನ್ನು ಕೇಳುತ್ತದೆ, ತಪ್ಪಿದರೆ ಯಾರು ಹೊಣೆ ಎಂದು ಕೇಳುವುದು ಮಾತ್ರ ನಮ್ಮ ಕರ್ತವ್ಯ.

ಭಾಷೆ ಬಾರದವನ ಕಷ್ಟ ಏನೆಂಬುದನ್ನು ಈ ಜಿಲ್ಲೆಯ ಜನಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ. ನಿಜಾಮರ ಆಳಿಕೆಯಲ್ಲಿ ಇಲ್ಲಿನ ಕಚೇರಿ, ಕೋರ್ಟುಗಳ ಭಾಷೆ ಉರ್ದು ಆಗಿತ್ತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಉರ್ದು ಸುಂದರ ಭಾಷೆ, ನಮ್ಮ ನೆರೆಮನೆಯ ಭಾಷೆ. ಅದರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಕನ್ನಡ ಮಾತ್ರ ಬಲ್ಲ ರೈತ ತನ್ನದೇ ಹೊಲದ ತಕರಾರನ್ನು ತಾನೇ ಬರೆಯಲಾರದೆ ಇನ್ನೊಬ್ಬನ ಕೈ ಕಾಯಬೇಕಾಗಿತ್ತು. ಅರ್ಜಿಯಲ್ಲಿ ಏನು ಬರೆದಿದೆ ಎಂಬುದು ಬರೆದವನಿಗೆ ಗೊತ್ತು, ಓದಿದ ಅಧಿಕಾರಿಗೆ ಗೊತ್ತು. ಹೆಬ್ಬೆಟ್ಟು ಒತ್ತಿದವನಿಗೆ ಗೊತ್ತಿರಲಿಲ್ಲ. 1948ರಲ್ಲಿ ಆ ಆಳಿಕೆ ಮುಗಿಯಿತು. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. 1963ರಲ್ಲಿ ರಾಜ್ಯಭಾಷೆಯ ಕಾಯ್ದೆ ಬಂದಿತು. ನಡುವೆ ನಿಂತು ನಮ್ಮ ಮಾತನ್ನು ಬೇರೆಯವರ ಮಾತಾಗಿ ಮಾಡುವವನ ಮೇಲೆ ಕಣ್ಣಿರಬೇಕೆಂಬುದು ಈ ಇತಿಹಾಸದಿಂದ ನಾವು ಕಲಿತ ಪಾಠ. ಇಂದು ಆ ಜಾಗದಲ್ಲಿ ಫೋನು ಬಂದು ಕುಳಿತಿದೆ.

ಈ ಹೊಸ ದುಭಾಷಿ ಕೆಲಸ ಮಾಡುವ ಬಗೆಯನ್ನು ತಿಳಿದುಕೊಳ್ಳುವುದು ಅಗತ್ಯ. ಅದರೊಳಗೆ ಮೂರು ಕೆಲಸಗಾರರಿದ್ದಾರೆ ಎಂದು ಭಾವಿಸೋಣ. ಮೊದಲನೆಯವನು ಧ್ವನಿಯನ್ನು ಕ್ಷಣದ ನೂರರ ಒಂದು ಪಾಲಿನಷ್ಟು ಸಣ್ಣ ತುಂಡುಗಳಾಗಿ ನೋಡಿ, ಹಿಂದೆ ಕೇಳಿದ ಸಾವಿರಾರು ಗಂಟೆಗಳ ಮಾತಿನ ಜೊತೆ ತಾಳೆ ಹಾಕಿ, ಇದು ಇಂಥ ಶಬ್ದ ಇರಬೇಕು ಎಂದು ಊಹಿಸಿ ಬರೆಯುತ್ತಾನೆ. ಎರಡನೆಯವನು ಆ ಬರಹವನ್ನು ಇನ್ನೊಂದು ಭಾಷೆಗೆ ತಿರುಗಿಸುತ್ತಾನೆ. ಮೂರನೆಯವನು ಅದನ್ನು ಓದಿ ಹೇಳುತ್ತಾನೆ. ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಕುಳಿತು "ಇಷ್ಟು ರೂಪಾಯಿ ಬಂದಿದೆ" ಎಂದು ಕೂಗುವ ಡಬ್ಬಿ ಈ ಮೂರನೆಯವನ ತಮ್ಮನೇ. ಈ ಮೂವರಲ್ಲಿ ಯಾರಿಗೂ ಅರ್ಥ ಗೊತ್ತಿಲ್ಲ. ಗೊತ್ತಿರುವುದು ಊಹೆ ಮಾತ್ರ. ಒಬ್ಬೊಬ್ಬನೂ ನೂರಕ್ಕೆ ತೊಂಬತ್ತು ಸಲ ಸರಿಯಾಗಿ ಮಾಡುತ್ತಾನೆಂದು ಲೆಕ್ಕಕ್ಕೆ ಹಿಡಿಯಿರಿ. ಮೂವರ ಕೈ ದಾಟಿ ಬರುವಷ್ಟರಲ್ಲಿ ಸರಿಯಾಗಿ ಉಳಿಯುವುದು ನೂರಕ್ಕೆ ಎಪ್ಪತ್ತಮೂರು. ವ್ಯಾಪಾರಿ ಬಂಧುಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ: ಮೂರು ಕಡೆ ಸೋರಿದ ಚೀಲದ ತೂಕ ಅವರಿಗೆ ಗೊತ್ತು.

ಸೋರಿಕೆ ಎಲ್ಲರಿಗೂ ಸಮನಾಗಿ ಇಲ್ಲ ಎಂಬುದೇ ವಿಷಯದ ಮರ್ಮ. 2022ರಲ್ಲಿ ಅಮೆರಿಕದ ಓಪನ್‌ಎಐ ಕಂಪನಿ ಹೊರತಂದ ವಿಸ್ಪರ್ ಎಂಬ ಯಂತ್ರಕ್ಕೆ 6,80,000 ಗಂಟೆಗಳ ಮಾತನ್ನು ಕೇಳಿಸಿ ಕಲಿಸಿದರು. ಅದರಲ್ಲಿ ಹತ್ತಿರಹತ್ತಿರ ಮೂರರಲ್ಲಿ ಎರಡು ಪಾಲು ಬರೀ ಇಂಗ್ಲಿಷ್. ಉಳಿದದ್ದನ್ನು ಜಗತ್ತಿನ ತೊಂಬತ್ತಕ್ಕೂ ಮಿಕ್ಕಿದ ಭಾಷೆಗಳು ಹಂಚಿಕೊಳ್ಳಬೇಕು. ಕನ್ನಡಕ್ಕೆ ಬಂದದ್ದು ಚೂರುಪಾರು. ಆ ಕನ್ನಡವಾದರೂ ಯಾವುದು? ಪುಸ್ತಕದ, ರೇಡಿಯೋದ ಕನ್ನಡವೇ ಇರಬೇಕೆಂದು ನಮ್ಮ ಊಹೆ. ನಮ್ಮ ಕನ್ನಡವಲ್ಲ.

ನಾವೇ ಪರೀಕ್ಷೆ ಮಾಡಿ ನೋಡಿದೆವು. ನಮ್ಮ ಕಚೇರಿಯಲ್ಲಿ ಒಬ್ಬರು ಫೋನಿನ ಮುಂದೆ "ದೀಡ ಕ್ವಿಂಟಲ್ ಬ್ಯಾಳಿ ಕಳಸ್ರಿ" ಎಂದರು. ಯಂತ್ರ 'ದೀಡ'ವನ್ನು ನುಂಗಿತು. 'ಬ್ಯಾಳಿ'ಯನ್ನು 'ಬೇಲಿ' ಮಾಡಿತು. ಬೇಲಿಯನ್ನು ಕ್ವಿಂಟಲ್ ಲೆಕ್ಕದಲ್ಲಿ ಮಾರುವ ವ್ಯಾಪಾರಿಯನ್ನು ನಾವು ಇನ್ನೂ ಕಂಡಿಲ್ಲ. "ಒಂದೂವರೆ ಕ್ವಿಂಟಲ್ ತೊಗರಿಬೇಳೆ ಕಳುಹಿಸಿ" ಎಂದು ಶಾಲೆಯ ಮಾತಿನಲ್ಲಿ ಹೇಳಿದಾಗ ಒಂದು ಅಕ್ಷರವೂ ತಪ್ಪಲಿಲ್ಲ. ಕಮಲಾಪುರದಲ್ಲಿಯೂ ಇದೇ ಕಥೆ. ಅಲ್ಲಿ ಕೆಂಪು ಬಾಳೆಹಣ್ಣು ಮಾರುವ ತಾಯಿಯೊಬ್ಬರು ಹೈದರಾಬಾದ ಕಡೆಯ ಗಿರಾಕಿಗಳ ಜೊತೆ ಫೋನು ಹಿಡಿದು ವ್ಯವಹಾರ ಮಾಡುತ್ತಾರೆ. "ಸಣ್ಣಪುಟ್ಟ ಮಾತಿಗೆ ನಡೀತದ್ರಿ. ರೇಟು ಮಾತ್ರ ನಾ ಬಟ್ಟು ಎಣಿಸೇ ಹೇಳ್ತೀನಿ" ಎಂದರು ಅವರು. ಯಾವ ತಜ್ಞನೂ ಇದಕ್ಕಿಂತ ಬುದ್ಧಿವಂತಿಕೆಯ ಸಲಹೆ ಕೊಡಲಾರ. ದೀಡ, ಅಡೀಚ, ಸವ್ವಾ ಎಂಬ ಲೆಕ್ಕದ ಶಬ್ದಗಳು ಈ ಸೀಮೆಯ ಬಜಾರಿನ ಜೀವಾಳ. ಅವು ಬಾರದ ದುಭಾಷಿಯನ್ನು ನಂಬಿ ಸಾಲದ ಚೀಟಿ ಬರೆಸಲಾದೀತೆ?

ಇನ್ನೊಂದು ಸೂಕ್ಷ್ಮವಿದೆ. ಕನ್ನಡದಲ್ಲಿ ಹೌದು ಅಲ್ಲಗಳೆಲ್ಲ ವಾಕ್ಯದ ಬಾಲದಲ್ಲಿ ಕುಳಿತಿರುತ್ತವೆ. 'ಬಂದದ', 'ಬಂದಿಲ್ಲ', 'ಕೊಟ್ಟಾರ', 'ಕೊಟ್ಟಿಲ್ಲ'. ಮೊದಲರ್ಧ ಒಂದೇ. ಮಿಲ್ಲಿನ ಸದ್ದು, ರಸ್ತೆಯ ಹಾರ್ನು ಆ ಕೊನೆಯ ಒಂದೆರಡು ಅಕ್ಷರಗಳನ್ನು ತಿಂದರೆ ದೂರು ಹೋಗಿ ಒಪ್ಪಿಗೆಯಾಗುತ್ತದೆ. ಮಿಲ್ಲಿನ ಅಂಗಳದಲ್ಲಿ ಆದದ್ದೂ ಇದೇ.

ಸರಕಾರ ಏನು ಮಾಡಿದೆ? ಕೇಂದ್ರ ಸರಕಾರ 2022ರ ಜುಲೈಯಲ್ಲಿ ಭಾಷಿಣಿ ಎಂಬ ಯೋಜನೆಯನ್ನು ಆರಂಭಿಸಿತು. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳ ನಡುವೆ ಮಾತು, ಬರಹ ಎರಡನ್ನೂ ಅನುವಾದ ಮಾಡುವ ಗುರಿ ಅದರದು. ವಿದೇಶದ ಕಂಪನಿಗಳಿಗೆ ಪೂರ್ತಿ ಕೈಯೊಡ್ಡದೆ ಸಾರ್ವಜನಿಕ ಸಾಧನವೊಂದನ್ನು ಕಟ್ಟುವ ಈ ಪ್ರಯತ್ನವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. 2023ರ ಡಿಸೆಂಬರಿನಲ್ಲಿ ವಾರಾಣಸಿಯ ಸಮಾರಂಭದಲ್ಲಿ ಪ್ರಧಾನಿಯವರ ಹಿಂದಿ ಭಾಷಣವನ್ನು ಈ ಯಂತ್ರ ಆ ಕ್ಷಣವೇ ತಮಿಳಿಗೆ ತಿರುಗಿಸಿ ಕೇಳಿಸಿತು. ಒಳ್ಳೆಯದೇ ಆಯಿತು. ದಿಲ್ಲಿಯ ಮಾತು ಹಳ್ಳಿಗೆ ಇಳಿಯುವ ದಾರಿ ಸಿಕ್ಕಿತು. ಹಳ್ಳಿಯ ದೂರು ದಿಲ್ಲಿಗೆ, ಬೇಡ, ಕಮಲಾಪುರದ ತಹಶೀಲ್ದಾರರ ಮೇಜಿನವರೆಗೆ ಏರುವ ದಾರಿ ಯಾವಾಗ ಸಿಕ್ಕೀತು? ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ತನ್ನ ಕುಂದುಕೊರತೆಯನ್ನು ಅಧಿಕಾರಿಗೆ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಆ ಹಕ್ಕಿಗೆ ಕೈಕಾಲು ಕೊಡಲು ಈ ಯಂತ್ರಕ್ಕಿಂತ ಒಳ್ಳೆಯ ಸಾಧನ ಬೇರೆ ಉಂಟೆ?

ಆ 22 ಭಾಷೆಗಳ ಪಟ್ಟಿಯಲ್ಲಿ ಲಂಬಾಣಿ ಇಲ್ಲ. ಕಮಲಾಪುರದ ಸುತ್ತಣ ತಾಂಡಾಗಳಲ್ಲಿ ಮನೆಮಾತು ಅದೇ. ಪುಣೆ, ಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಹೋಗುವವರಲ್ಲಿ ಆ ತಾಂಡಾಗಳ ಜನ ಬಹಳ. ಊರಿನಲ್ಲಿ ಕನ್ನಡ, ಅಲ್ಲಿ ಮರಾಠಿ, ಮೇಸ್ತ್ರಿಯ ಮುಂದೆ ಹಿಂದಿ: ಇವರಷ್ಟು ದುಭಾಷಿಯ ಅಗತ್ಯ ಯಾರಿಗಿದೆ? ಅನುಸೂಚಿಯಲ್ಲಿ ಹೆಸರಿಲ್ಲ ಎಂಬ ಕಾರಣಕ್ಕೆ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿರುವವರೇ ಹೊರಗೆ ಉಳಿಯುವುದು ನ್ಯಾಯವಲ್ಲ.

ಇನ್ನು ದುಡಿಮೆಯ ಮಾತು. ಈ ಯಂತ್ರಕ್ಕೆ ಭಾಷೆ ಆಕಾಶದಿಂದ ಬರಲಿಲ್ಲ. ಜನರ ಬಾಯಿಂದ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಸೇರಿ ಗೂಗಲ್ ನೆರವಿನಿಂದ ನಡೆಸುವ ವಾಣಿ ಯೋಜನೆ ಜಿಲ್ಲೆ ಜಿಲ್ಲೆಗೂ ಹೋಗಿ ಜನರಿಗೆ ಚಿತ್ರ ತೋರಿಸಿ, ಅವರವರ ಮಾತಿನಲ್ಲೇ ವರ್ಣಿಸಲು ಹೇಳಿ ಧ್ವನಿ ಸಂಗ್ರಹಿಸಿದೆ. ಕಲಬುರಗಿ ಜಿಲ್ಲೆಯೂ ಅದರಲ್ಲಿ ಸೇರಿದೆ. ಸಂಗ್ರಹವನ್ನು ಎಲ್ಲರಿಗೂ ಬಿಟ್ಟುಕೊಟ್ಟಿರುವುದು ಮೆಚ್ಚತಕ್ಕದ್ದು. ಚಾಮರಾಜನಗರದ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳು ಕಾರ್ಯಾ ಎಂಬ ಬೆಂಗಳೂರಿನ ಸಂಸ್ಥೆಗಾಗಿ ಫೋನಿನ ಮುಂದೆ ಕನ್ನಡ ವಾಕ್ಯಗಳನ್ನು ಓದಿ, ಗಂಟೆಗೆ ಸುಮಾರು 5 ಡಾಲರ್ ಕೂಲಿ ಪಡೆದ ಸುದ್ದಿ 2023ರಲ್ಲಿ ವಿದೇಶದ ಪತ್ರಿಕೆಗಳಲ್ಲಿಯೂ ಬಂದಿತು. ಆ ಧ್ವನಿಯನ್ನು ಮತ್ತೆ ಮಾರಿದಾಗ ಬಂದ ಹಣದಲ್ಲಿ ಓದಿದವರಿಗೂ ಪಾಲುಂಟು ಎಂಬುದು ಆ ಸಂಸ್ಥೆಯ ಕರಾರು. ಇಲ್ಲಿ ನಮಗೆ ಒಂದು ದೊಡ್ಡ ತತ್ವ ಕಾಣುತ್ತದೆ. ಹೊಲದಲ್ಲಿ ಬೆಳೆದ ತೊಗರಿ ರೈತನದಾದರೆ ಬಾಯಲ್ಲಿ ಬೆಳೆದ ಮಾತೂ ಆಡಿದವನದೇ. ಕಲಬುರಗಿಯ ತೊಗರಿಬೇಳೆಗೂ ಕಮಲಾಪುರದ ಕೆಂಪು ಬಾಳೆಗೂ ಇದು ಈ ಮಣ್ಣಿನದೇ ಎಂಬ ಭೌಗೋಳಿಕ ಗುರುತು ಕಾನೂನಿನಿಂದ ಸಿಕ್ಕಿದೆ. ಈ ಮಣ್ಣಿನ ಮಾತನ್ನು ಮಾತ್ರ ಯಾರು ಬೇಕಾದರೂ ಪುಕ್ಕಟೆ ಕೊಯ್ದುಕೊಂಡು ಹೋಗಿ, ನಮಗೇ ಮತ್ತೆ ಬೆಲೆ ಕಟ್ಟಿ ಮಾರಬಹುದೆ?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಮೊದಲನೆಯದಾಗಿ, ಯಂತ್ರ ಅನುವಾದಿಸಿದ ಯಾವ ಕಾಗದಕ್ಕೂ, ಅದು ಪಗಾರದ್ದಿರಲಿ, ಸಾಲದ್ದಿರಲಿ, ಆಸ್ಪತ್ರೆಯದ್ದಿರಲಿ, ಎರಡೂ ಭಾಷೆ ಬಲ್ಲ ಮನುಷ್ಯನೊಬ್ಬ ಓದಿ ಹೇಳಿ ತನ್ನ ಸಹಿ ಹಾಕದ ಹೊರತು ಕಾರ್ಮಿಕನ ಸಹಿ, ಹೆಬ್ಬೆಟ್ಟು ಪಡೆಯಕೂಡದು. ಎರಡನೆಯದಾಗಿ, ಯಂತ್ರ ಬಂದಿತೆಂಬ ನೆಪದಿಂದ ತಾಲ್ಲೂಕು ಕಚೇರಿ, ಆಸ್ಪತ್ರೆ, ಕಲಬುರಗಿಯ ಹೈಕೋರ್ಟು ಪೀಠಗಳಲ್ಲಿ ಮನುಷ್ಯ ದುಭಾಷಿಗಳನ್ನು ಕಡಿಮೆ ಮಾಡಕೂಡದು. ಲಂಬಾಣಿ ಬಲ್ಲವರನ್ನು ಹೊಸದಾಗಿ ನೇಮಿಸಬೇಕು. ಮೂರನೆಯದಾಗಿ, ಕಲ್ಯಾಣ ಕರ್ನಾಟಕದ ಆಡುಮಾತಿನಲ್ಲಿ, ಮಿಲ್ಲು ಬಜಾರುಗಳ ಸದ್ದಿನ ನಡುವೆ, ಮುದುಕರು ಹೆಂಗಸರ ಬಾಯಿಂದಲೂ ಈ ಯಂತ್ರಗಳನ್ನು ಪರೀಕ್ಷಿಸಿ, ನೂರಕ್ಕೆ ಎಷ್ಟು ತಪ್ಪು ಎಂಬುದನ್ನು ಜಿಲ್ಲಾವಾರು ಪ್ರಕಟಿಸಬೇಕು. ನಾಲ್ಕನೆಯದಾಗಿ, ಧ್ವನಿ ಕೊಟ್ಟವರಿಗೆ ಕೂಲಿ ಸಲ್ಲಬೇಕು. ಸಾರ್ವಜನಿಕ ಹಣದಿಂದ ಕೂಡಿಸಿದ ಧ್ವನಿ ಸಾರ್ವಜನಿಕರದಾಗಿಯೇ ಉಳಿಯಬೇಕು. ಐದನೆಯದಾಗಿ, ಕಾರ್ಮಿಕನ ಒಪ್ಪಿಗೆ ಇಲ್ಲದೆ ಕೆಲಸದ ಜಾಗದಲ್ಲಿ ಅವನ ಮಾತನ್ನು ಯಾವ ಯಂತ್ರವೂ ಹಿಡಿದಿಡಕೂಡದು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಅನುಸೂಚಿಯ ಭಾಷೆಯಲ್ಲಿ ಪಡೆಯುವ ಅವಕಾಶ ಕೊಡುತ್ತದೆ. ಆ ಅವಕಾಶ ಕಾಗದದ ಮೇಲೆಯೇ ಒಣಗಬಾರದು.

ಸರಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಫೋನಿನ ಮುಂದೆ ಸಣ್ಣ ಸಣ್ಣ ವಾಕ್ಯ ಆಡಿರಿ. ಅದು ಬರೆದದ್ದನ್ನು ಓದಿಸಿ ನೋಡಿರಿ. ಅದು ಮಾಡಿದ ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ, ನೀವು ಹೇಳಿದ್ದೇ ಬಂತೆ ಎಂದು ತಾಳೆ ಹಾಕಿರಿ. ಹಣ, ತೂಕ, ತಾರೀಖುಗಳನ್ನು ಬಾಯಿಗೆ ಬಿಡದೆ ಅಂಕಿಯಲ್ಲಿ ಬರೆದು ತೋರಿಸಿರಿ. ಪರಿಚಿತರ ಧ್ವನಿಯಲ್ಲಿಯೇ ಯಾರಾದರೂ ಅವಸರದಿಂದ ಹಣ ಕೇಳಿದರೆ ಫೋನು ಇಟ್ಟು, ನಿಮಗೆ ಗೊತ್ತಿರುವ ನಂಬರಿಗೆ ನೀವೇ ತಿರುಗಿ ಮಾಡಿರಿ. ಧ್ವನಿಯ ನಕಲು ಮಾಡುವ ಯಂತ್ರಗಳೂ ಬಂದಿವೆ. ಮೋಸ ಹೋದರೆ ತಡಮಾಡದೆ 1930ಕ್ಕೆ ತಿಳಿಸಿರಿ.

ಮಹಬೂಬ ಶಾಹಿ ಮಿಲ್ಲಿನ ಭೋಂಗಾ ನಿಂತು ದಶಕಗಳಾದವು. ಆ ಭೋಂಗಾಕ್ಕೆ ಒಂದೇ ಭಾಷೆ ಇತ್ತು. ಅದು ಕೂಗಿದರೆ ಕನ್ನಡದವನೂ ಉರ್ದುವಿನವನೂ ತೆಲುಗಿನವನೂ ಒಟ್ಟಿಗೆ ಏಳುತ್ತಿದ್ದರು. ಇಂದು ಬ್ಯಾಳಿ ಮಿಲ್ಲಿನಲ್ಲಿ ಬಿಹಾರದವನು, ತಾಂಡಾದವನು, ಬಡಾವಣೆಯವನು ಒಂದೇ ಚೀಲ ಹೊರುತ್ತಾರೆ. ಒಬ್ಬರ ಪಗಾರ ಒಬ್ಬರಿಗೆ ಗೊತ್ತಿಲ್ಲ. ಭಾಷೆ ಬೇರೆಯಾದದ್ದು ಯಾರಿಗೆ ಲಾಭ ತಂದಿದೆ ಎಂಬುದನ್ನು ಹೇಳಬೇಕಾಗಿಲ್ಲ. ಆ ಗೋಡೆಯಲ್ಲಿ ಕಿಟಕಿ ತೆರೆಯುವ ಶಕ್ತಿ ಈ ಯಂತ್ರಕ್ಕೆ ಇದೆ. ಕಿಟಕಿಯ ಅಗುಳಿ ಮಾತ್ರ ನಮ್ಮ ಕೈಯಲ್ಲಿರಲಿ.